ಬಟ್ಟಲು ಖಾಲಿಯಾಗಿದೆ, ಆದರೆ ತಿಂದಿದೆಯೇ? ಸುಂಕಸಾಳದ ಎರಡು ಬೋಧನಾಭ್ಯಾಸ ಪಾಠಗಳ ಅಧ್ಯಯನ

ತರಗತಿ: 6
ವಿಷಯ: ವಿಜ್ಞಾನ (ಗಣಿತದ ದತ್ತಾಂಶ ನಿರ್ವಹಣೆಯೊಂದಿಗೆ ಜೋಡಣೆ)
ಪಾಠದ ವಸ್ತು: ಜೀವಿಗಳು ಮತ್ತು ಅವುಗಳ ಪರಿಸರ
ಅವಧಿ: 40 ನಿಮಿಷಗಳ ಎರಡು ಪಾಠಗಳು
ಮಕ್ಕಳ ಸಂಖ್ಯೆ: 27

ಅಂಕೋಲಾದಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ, ಗಂಗಾವಳಿ ಕಣಿವೆಯ ಸುಂಕಸಾಳ ಭಾಗದ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಡಿಸೆಂಬರ್ ಮೊದಲ ವಾರಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಬೋಧನಾಭ್ಯಾಸ ನಡೆಯಿತು. ನಾನು ವಿಜ್ಞಾನ ಬೋಧನಾ ಪದ್ಧತಿಯ ಮಾರ್ಗದರ್ಶಕನಾಗಿ ಅಲ್ಲಿ ಹನ್ನೊಂದು ಪಾಠಗಳನ್ನು ವೀಕ್ಷಿಸಿದೆ. ಅವುಗಳಲ್ಲಿ ಎರಡರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಎರಡನ್ನೂ ಒಬ್ಬರೇ ಪ್ರಶಿಕ್ಷಣಾರ್ಥಿ, ಒಂದೇ ತರಗತಿಗೆ, ಮೂರು ದಿನಗಳ ಅಂತರದಲ್ಲಿ ಮಾಡಿದರು. ಮೊದಲನೆಯದು ಕೆಟ್ಟಿತು. ಅದು ಕೆಟ್ಟದ್ದರಲ್ಲಿ ಅವರ ಪಾಲಿಗಿಂತ ನನ್ನ ಪಾಲು ದೊಡ್ಡದು. ಆದ್ದರಿಂದಲೇ ಇದನ್ನು ಅವರ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ.

ತರಗತಿಯ ಒಬ್ಬ ಹುಡುಗಿಯ ಅಣ್ಣ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಅವನು ಒಂದು ಭಾನುವಾರ ಸಂಜೆ ಬಸ್ಸಿನಲ್ಲಿ ತಂಗಿಗೆಂದು ಒಂದು ಹ್ಯಾಮ್‌ಸ್ಟರ್ ತಂದ. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಜೇನಿನ ಬಣ್ಣ, ಬಿಳಿ ಹೊಟ್ಟೆ. ಊರಿನ ಮಕ್ಕಳ ಬಾಯಲ್ಲಿ ಅದು ಅದೇ ಸಂಜೆ 'ಹುಬ್ಬಳ್ಳಿ ಇಲಿ' ಆಯಿತು. ಪ್ರಶಿಕ್ಷಣಾರ್ಥಿ ಹುಡುಗಿಯ ಮನೆಯ ಪಕ್ಕದಲ್ಲೇ ಉಳಿದುಕೊಂಡಿದ್ದರು. ಸೋಮವಾರದ ಪಾಠಯೋಜನೆಯಲ್ಲಿ ಅವರ ಕಲಿಕೋಪಕರಣ ಮೊದಲು 'ಪ್ರಾಣಿಗಳ ಚಿತ್ರಪಟ' ಎಂದಿತ್ತು. ಅದನ್ನು ಹೊಡೆದು ಹಾಕಿ 'ಜೀವಂತ ಹ್ಯಾಮ್‌ಸ್ಟರ್, 1' ಎಂದು ಬರೆದರು. ಬೆಳಗ್ಗೆ ಯೋಜನೆಗೆ ಸಹಿ ಹಾಕುವಾಗ ನಾನು ಆ ತಿದ್ದುಪಡಿ ನೋಡಿ ಸಂತೋಷಪಟ್ಟೆ. ಚಿತ್ರಪಟಗಳನ್ನು ನೋಡಿ ನೋಡಿ ಬೇಸತ್ತವರಿಗೆ ಈ ಸಂತೋಷ ಅರ್ಥವಾಗುತ್ತದೆ.

ಮೊದಲ ಪಾಠ

ಎರಡನೇ ಅವಧಿ, ಹನ್ನೊಂದು ಗಂಟೆಯ ಹೊತ್ತು. ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಾಗ ಪ್ರಾಣಿ ಮೂಲೆಯಲ್ಲಿ ಮುದುಡಿ ಮಲಗಿತ್ತು. ಪ್ರಶಿಕ್ಷಣಾರ್ಥಿ ಅದನ್ನು ಎಬ್ಬಿಸಿ ಕೈಗೆತ್ತಿಕೊಂಡರು. 27 ಮಕ್ಕಳು ಸಾಲಾಗಿ ಬಂದು ನೋಡಿದರು, ಕೆಲವರು ಬೆನ್ನು ಸವರಿದರು. ಅದು ಅಲುಗಾಡಲಿಲ್ಲ. ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ಕಣ್ಣು ಅಗಲಿಸಿ ಹಾಗೇ ಕೂತಿತ್ತು. ನನ್ನ ವೀಕ್ಷಣಾ ನಮೂನೆಯಲ್ಲಿ ನಾನು ಬರೆದ ವಾಕ್ಯ ಇದು: 'ಪ್ರಾಣಿ ಶಾಂತವಾಗಿ ಸಹಕರಿಸಿತು. ಮಕ್ಕಳ ತೊಡಗುವಿಕೆ ಉತ್ತಮ.' ಕಲಿಕೋಪಕರಣದ ಅಂಕಣದಲ್ಲಿ 5ಕ್ಕೆ 5 ಕೊಟ್ಟೆ.

ಹತ್ತೊಂಬತ್ತನೆಯವನೋ ಇಪ್ಪತ್ತನೆಯವನೋ ಆದ ಹುಡುಗ ಬೆರಳನ್ನು ಅದರ ಮೂತಿಯ ಹತ್ತಿರ ಒಯ್ದ. ಅದು ಕಚ್ಚಿತು. ಬೆಳಗ್ಗೆ ಶೇಂಗಾ ಚಿಕ್ಕಿ ತಿಂದ ಕೈ ಎಂದು ಆಮೇಲೆ ತಿಳಿಯಿತು. ಹ್ಯಾಮ್‌ಸ್ಟರಿಗೆ ಕಣ್ಣು ಮಂದ, ಮೂಗು ಚುರುಕು. ತಿಂಡಿಯ ವಾಸನೆ ಇರುವ ಬೆರಳು ಅದಕ್ಕೆ ತಿಂಡಿಯೇ. ಗಾಬರಿಯೂ ಸೇರಿದರೆ ಹಲ್ಲು ಇನ್ನೂ ಬೇಗ ಬರುತ್ತದೆ. ಹುಡುಗನ ಬೆರಳನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿ, ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು. ಧನುರ್ವಾತದ ಚುಚ್ಚುಮದ್ದು ಯಾವಾಗ ಆಗಿದೆ ಎಂದು ವಿಚಾರಿಸಿ, ಗಾಯ ಸಣ್ಣದೆಂದು ಹೇಳಿ ಕಳಿಸಿದರು. ಪ್ರಶಿಕ್ಷಣಾರ್ಥಿಗಳು ಇದನ್ನು ಬೇರೆಯಾಗಿಯೇ ನೆನಪಿಡಬೇಕು: ಕಚ್ಚಿದ್ದು ನಾಯಿಯೋ ಬೆಕ್ಕೋ ಮಂಗವೋ ಆಗಿದ್ದರೆ ತೊಳೆಯುವುದರ ಜೊತೆಗೆ ರೇಬೀಸ್ ಲಸಿಕೆಯ ವಿಚಾರವನ್ನು ಅದೇ ದಿನ ವೈದ್ಯರ ಬಳಿ ತೀರ್ಮಾನಿಸಬೇಕು, ಗಾಯ ಎಷ್ಟೇ ಚಿಕ್ಕದಿದ್ದರೂ.

ಗದ್ದಲದಲ್ಲಿ ಪ್ರಾಣಿಯನ್ನು ಪೆಟ್ಟಿಗೆಗೆ ಇಳಿಸುವಾಗ ಪ್ರಶಿಕ್ಷಣಾರ್ಥಿ ಅದರ ಸೊಂಟದ ಬಳಿ ಎರಡು ಕಪ್ಪು ಮಚ್ಚೆಗಳನ್ನೂ, ಬೆನ್ನಿನ ಹಿಂಭಾಗದಲ್ಲಿ ಕೂದಲು ಉದುರಿ ಹೊಟ್ಟೆದ್ದ ಒಂದು ಜಾಗವನ್ನೂ ಕಂಡರು. ಹುಡುಗಿಗೂ ಅದು ಕಂಡಿತು. ಅವಳು ಅಳಲಿಲ್ಲ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಗೆ ಹೋದಳು. ಮಧ್ಯಾಹ್ನ ಶಾಲೆಗೆ ಬರಲಿಲ್ಲ.

ದೂರವಾಣಿಯಲ್ಲಿ ಮೂರು ಪ್ರಶ್ನೆಗಳು

ಸಂಜೆಯೇ ಪ್ರಾಣಿಯನ್ನು ಬಸ್ಸು ಹತ್ತಿಸಿ ವೈದ್ಯರ ಬಳಿ ಒಯ್ಯಬೇಕೆಂದು ಹುಡುಗಿಯ ಮನೆಯವರೂ ಪ್ರಶಿಕ್ಷಣಾರ್ಥಿಯೂ ನಿಶ್ಚಯಿಸಿದ್ದರು. ಮೊದಲು ಫೋನು ಮಾಡಿ ಎಂದೆ. ಜಾನುವಾರುಗಳಿಗಾದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ವ್ಯವಸ್ಥೆ ಇದೆ. ಹ್ಯಾಮ್‌ಸ್ಟರಿಗೆ ಏನು ಮಾಡುವುದು? ಪರಿಚಯದ ಪಶುವೈದ್ಯರೊಬ್ಬರು ನೇರವಾಗಿ ಹೇಳಿದರು: ತಮ್ಮ ಕೈ ಪಳಗಿದ್ದು ದನ, ಎಮ್ಮೆ, ಆಡುಗಳಲ್ಲಿ, ಇದನ್ನು ನೋಡುವವರು ಬೇರೆ. ಹುಬ್ಬಳ್ಳಿಯಲ್ಲಿ ಸಣ್ಣ ಸಾಕುಪ್ರಾಣಿಗಳನ್ನು ನೋಡುವ ವೈದ್ಯೆಯೊಬ್ಬರ ಸಂಖ್ಯೆ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದ ಆ ಮಾತು ನಮ್ಮ ವೃತ್ತಿಯವರಿಗೂ ಅಭ್ಯಾಸವಾಗಬೇಕು ಎಂದು ಅಲ್ಲೇ ಅನ್ನಿಸಿತು.

ವೈದ್ಯೆ ಮೂರನ್ನು ಕೇಳಿದರು. ಹಿಕ್ಕೆ ಗಟ್ಟಿಯಾಗಿದೆಯೇ, ಬಾಲದ ಕೆಳಗೆ ಒದ್ದೆ ಇದೆಯೇ? ಉಸಿರಾಟದಲ್ಲಿ ಶಬ್ದವಿದೆಯೇ, ಪಕ್ಕೆ ಎಳೆಯುತ್ತಿದೆಯೇ? ತಿನ್ನುತ್ತಿದೆಯೇ?

ಮೊದಲ ಎರಡಕ್ಕೆ ಉತ್ತರ ಸಮಾಧಾನಕರವಾಗಿತ್ತು. ಹಾಗಾದರೆ ಈ ದಿನ ಪ್ರಯಾಣ ಬೇಡ ಎಂದರು. ಕೂದಲುದುರಿದ ಜಾಗ ಹುಳುಕಡ್ಡಿಯೋ ಚರ್ಮದ ನುಸಿಯೋ ಇರಬಹುದು. ಎರಡಕ್ಕೂ ಔಷಧಿ ಇದೆ, ಎರಡೂ ಒಂದು ವಾರ ಕಾಯಬಲ್ಲವು. ಅಂಗಡಿಯಿಂದ ಬಸ್ಸು, ಬಸ್ಸಿನಿಂದ ಹೊಸ ಮನೆ, ಮನೆಯಿಂದ ತರಗತಿ ಎಂದು ಎರಡು ದಿನದಲ್ಲಿ ಮೂರು ಸಲ ಜಾಗ ಬದಲಾದ ಪ್ರಾಣಿಯನ್ನು ಮತ್ತೆ ಘಟ್ಟ ಹತ್ತಿಸಿದರೆ ಅದು ಕುಗ್ಗುತ್ತದೆ. ಕುಗ್ಗಿದ ಪ್ರಾಣಿಗೆ ಔಷಧಿಯೂ ಒಂದು ಭಾರವೇ. ಆದರೆ ಬಾಲದ ಬಳಿ ಒದ್ದೆಯಾಗಿ ನೀರು ಭೇದಿ ಶುರುವಾದರೆ ಒಂದು ಗಂಟೆಯೂ ಕಾಯದೆ ಹೊರಡಿ ಎಂದರು. ಎಳೆಯ ಹ್ಯಾಮ್‌ಸ್ಟರುಗಳಿಗೆ, ಅದರಲ್ಲೂ ತಾಯಿಯನ್ನು ಬಿಟ್ಟು ಬಂದ ಮೊದಲ ವಾರಗಳಲ್ಲಿ, ಈ 'ಒದ್ದೆ ಬಾಲ'ದ ರೋಗ ತಗಲುವುದು ಹೆಚ್ಚು. ಗಾಬರಿ, ಪ್ರಯಾಣ, ಆಹಾರದ ದಿಢೀರ್ ಬದಲಾವಣೆ ಅದಕ್ಕೆ ದಾರಿ ಮಾಡಿಕೊಡುತ್ತವೆ. ಮೈಯ ನೀರು ಹೋಗಿ ಒಂದೆರಡು ದಿನದಲ್ಲೇ ಸಾಯಬಹುದು.

ಮೂರನೆಯ ಪ್ರಶ್ನೆಗೆ ಹುಡುಗಿ ಫೋನಿನಲ್ಲಿ ಖುಷಿಯಿಂದ ಹೇಳಿದಳು: ನಿನ್ನೆ ರಾತ್ರಿ ಬಟ್ಟಲು ತುಂಬ ಹಾಕಿದ್ದೆ, ಬೆಳಗ್ಗೆ ಖಾಲಿ ಇತ್ತು. ವೈದ್ಯೆ ಕೇಳಿದರು: ಬಟ್ಟಲು ಖಾಲಿಯಾಗಿದೆ, ತಿಂದಿದೆಯೇ?

ಹ್ಯಾಮ್‌ಸ್ಟರಿನ ಎರಡೂ ಗಲ್ಲಗಳಲ್ಲಿ ಭುಜದವರೆಗೆ ಹಿಗ್ಗುವ ಚೀಲಗಳಿವೆ. ಸಿಕ್ಕ ಕಾಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಹೋಗಿ ಗೂಡಿನ ಮೂಲೆಯಲ್ಲಿ ರಾಶಿ ಹಾಕುತ್ತದೆ. ಒಂದು ಕಾಳನ್ನೂ ನುಂಗದೆ ಬಟ್ಟಲು ಬರಿದು ಮಾಡಬಲ್ಲದು. ಹುಡುಗಿ ಟಾರ್ಚು ಹಿಡಿದು ನೋಡಿದಾಗ ಕಾಗದದ ಚೂರುಗಳ ಕೆಳಗೆ ಕಾಳಿನ ರಾಶಿ ಇತ್ತು. ಹಿಕ್ಕೆ ಎಣಿಸಬೇಕು, ದಿನವೂ ಒಂದೇ ಹೊತ್ತಿಗೆ ತೂಕ ನೋಡಬೇಕು, ಅವೆರಡೇ ಸಾಕ್ಷಿ ಎಂದರು ವೈದ್ಯೆ. ಬಂದ ದಿನದ ತೂಕಕ್ಕಿಂತ ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯುವುದು ಬೇಡ ಎಂದೂ ಸೇರಿಸಿದರು.

ನಾನು ಆ ರಾತ್ರಿ ನನ್ನ ವೀಕ್ಷಣಾ ನಮೂನೆಯನ್ನು ತೆಗೆದು ನೋಡಿದೆ. 'ಪ್ರಾಣಿ ಶಾಂತವಾಗಿ ಸಹಕರಿಸಿತು.' ಅಲುಗಾಡಲಿಲ್ಲ ಎಂಬುದು ನಾನು ಕಂಡದ್ದು. ಶಾಂತವಾಗಿತ್ತು, ಸಹಕರಿಸಿತು ಎಂಬುದು ನಾನು ಅಂದುಕೊಂಡದ್ದು. ಬೇಟೆಗೆ ಸಿಗುವ ಸಣ್ಣ ಪ್ರಾಣಿ ಓಡಲು ದಾರಿ ಕಾಣದಾಗ ಕಲ್ಲಿನಂತೆ ಕೂರುತ್ತದೆ. ಭಯದ ಆ ರೂಪಕ್ಕೆ ನಾನು ಸಹಕಾರ ಎಂದು ಹೆಸರಿಟ್ಟು ಪೂರ್ಣ ಅಂಕ ಕೊಟ್ಟಿದ್ದೆ. ವಿಜ್ಞಾನದ ಪಾಠದಲ್ಲಿ ವೀಕ್ಷಣೆಗೂ ತೀರ್ಮಾನಕ್ಕೂ ಇರುವ ವ್ಯತ್ಯಾಸವನ್ನು ಪ್ರತಿ ವರ್ಷ ಪಾಠ ಮಾಡುವವನು ನಾನು.

ಮನೆಯಲ್ಲಿ ಮಾಡಿದ ಏರ್ಪಾಡು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪೇಟೆಯ ಪುಸ್ತಕಗಳಲ್ಲಿ ಸಿಗುವ ಸಲಹೆಗಳು ಸುಂಕಸಾಳದ ಮನೆಗೆ ಇದ್ದ ಹಾಗೇ ಹೊಂದುವುದಿಲ್ಲ.

ಅಡುಗೆಮನೆಯ ಒಲೆಯ ಹೊಗೆ, ಟಿವಿ ಮತ್ತು ಬೆಕ್ಕು ಈ ಮೂರೂ ಇಲ್ಲದ ಜಾಗವೆಂದರೆ ಆ ಮನೆಯಲ್ಲಿ ಅಡಿಕೆ ಮೂಟೆ ಇಡುವ ಒಳಕೋಣೆ ಒಂದೇ. ಪಂಜರ ಅಲ್ಲಿಗೆ ಹೋಯಿತು. ಇರುವೆ ಹತ್ತದಂತೆ ಮೇಜಿನ ಕಾಲುಗಳನ್ನು ನೀರು ತುಂಬಿದ ಕರಟಗಳಲ್ಲಿ ಇಟ್ಟರು. ಇದು ಹುಡುಗಿಯ ಅಜ್ಜಿಯ ಏರ್ಪಾಡು, ಬೆಲ್ಲದ ಡಬ್ಬಿಗೆ ಮಾಡುತ್ತಿದ್ದುದೇ. ಪಂಜರದ ಮೂರು ಬದಿಗೆ ಹಳೆಯ ಪಂಚೆ ಮುಚ್ಚಿದರು. ಅಡಗಿಕೊಳ್ಳಲು ಒಡೆದ ಮಣ್ಣಿನ ಕುಡಿಕೆಯ ಅರ್ಧ. ಒಡೆದ ಅಂಚನ್ನು ಉಜ್ಜಿ ನುಣುಪು ಮಾಡಿದ್ದರು.

ಹಾಸಿಗೆಯ ವಿಷಯದಲ್ಲಿ ಒಂದು ಎಡವಟ್ಟು ತಪ್ಪಿತು. ನಮ್ಮ ಕಡೆ ಕೊಟ್ಟಿಗೆಗೆ ದರಕು ಹಾಸುವುದು ರೂಢಿ. ಹುಡುಗಿಯ ತಮ್ಮ ಬೆಟ್ಟದಿಂದ ಒಂದು ಬುಟ್ಟಿ ದರಕು ತಂದೂ ಆಗಿತ್ತು. ಕಾಡಿನ ಒಣಎಲೆಯಲ್ಲಿ ಉಣ್ಣಿಗಳಿರುತ್ತವೆ, ಒಳಕೋಣೆಗೆ ಅದು ಬೇಡ ಎಂದು ಪ್ರಶಿಕ್ಷಣಾರ್ಥಿ ತಡೆದರು. ಹತ್ತಿಯನ್ನೂ ಬೇಡವೆಂದರು. ಅದರ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಗಲ್ಲದ ಚೀಲಕ್ಕೂ ಕರುಳಿಗೂ ಸೇರಿದರೆ ಇನ್ನೂ ತೊಂದರೆ. ಶಾಯಿ ಇಲ್ಲದ ಕಾಗದವನ್ನು ಹರಿದು ಅರ್ಧ ಗೇಣು ಎತ್ತರಕ್ಕೆ ಹಾಕಿದರು. ಅಂಗಡಿಯಿಂದ ಬಂದ ಪೆಟ್ಟಿಗೆಯಲ್ಲಿದ್ದ ಹಳೆಯ ಹಾಸಿನ ಒಂದು ಹಿಡಿಯನ್ನು ಅದರಲ್ಲಿ ಬೆರೆಸಿದರು. ತನ್ನದೇ ವಾಸನೆ ಇರುವ ಜಾಗವೇ ಅದಕ್ಕೆ ತನ್ನ ಮನೆ. ಎಲ್ಲವನ್ನೂ ಒಮ್ಮೆಲೇ ತೊಳೆದು ಶುಚಿ ಮಾಡುವ ನಮ್ಮ ಸಂಭ್ರಮ ಮೊದಲ ವಾರದಲ್ಲಿ ಅದಕ್ಕೆ ಮನೆ ಕೆಡವಿದಂತೆ. ಒದ್ದೆಯಾದ ಮೂಲೆಯನ್ನಷ್ಟೇ ತೆಗೆದು ಬದಲಿಸಿದರೆ ಸಾಕು. ಸ್ನಾನವಂತೂ ಬೇಡವೇ ಬೇಡ.

ತಿನ್ನಲು ಅಂಗಡಿಯಲ್ಲಿ ಕೊಡುತ್ತಿದ್ದ ಅದೇ ಕಾಳುಮಿಶ್ರಣ, ಬೇರೇನೂ ಇಲ್ಲ. ಬಾಳೆಹಣ್ಣು, ಬೆಲ್ಲ, ಸುಟ್ಟ ಗೆಣಸು ಎಂದು ಅಕ್ಕಪಕ್ಕದ ಮಕ್ಕಳು ಪ್ರೀತಿಯಿಂದ ತಂದದ್ದನ್ನೆಲ್ಲ ಹುಡುಗಿಯೇ ತಿಂದು ಮುಗಿಸಿದಳು.

ಮೊದಲೆರಡು ದಿನ ಯಾರೂ ಮುಟ್ಟಲಿಲ್ಲ. ಸಂಜೆ ಏಳಕ್ಕೆ, ಅದು ತಾನಾಗಿ ಎದ್ದ ಮೇಲೆ, ಹುಡುಗಿ ಪಂಜರದ ಬಳಿ ಕೂತು ಪಾಠ ಓದುತ್ತಿದ್ದಳು, ದನಿ ಗುರುತಾಗಲಿ ಎಂದು. ಮೂರನೆಯ ದಿನ ಒಂದು ಸ್ಟೀಲು ಲೋಟವನ್ನು ಅಡ್ಡ ಮಲಗಿಸಿ ಒಳಗೆ ನಾಲ್ಕು ಸೂರ್ಯಕಾಂತಿ ಬೀಜ ಇಟ್ಟಳು. ಅದು ತಾನೇ ಒಳಹೊಕ್ಕಿತು. ಲೋಟ ಸಮೇತ ತಕ್ಕಡಿಗೆ. ಮೆಣಸುಕಾಳು ತೂಗುವ ಡಿಜಿಟಲ್ ತಕ್ಕಡಿ ಆ ಮನೆಯಲ್ಲಿ ಇದ್ದದ್ದು ನಮ್ಮ ಪುಣ್ಯ. ಬಂದ ದಿನ ಅಣ್ಣ ತಮಾಷೆಗೆಂದು ಪೆಟ್ಟಿಗೆಯೊಂದಿಗೇ ತೂಗಿದ್ದ: 214 ಗ್ರಾಂ. ಖಾಲಿ ಪೆಟ್ಟಿಗೆ ಮತ್ತು ಹಾಸು 118. ಹಾಗಾಗಿ ಮೊದಲ ದಿನದ ಅಂಕಿಯೂ ಸಿಕ್ಕಿತು: 96.

ಎರಡನೇ ಪಾಠ

ಗುರುವಾರ ಬೆಳಗ್ಗೆ ಪ್ರಶಿಕ್ಷಣಾರ್ಥಿ ತಂದ ಕಲಿಕೋಪಕರಣ ಖಾಲಿ ರಟ್ಟಿನ ಪೆಟ್ಟಿಗೆ. ಅದೇ ಪೆಟ್ಟಿಗೆ. ಮುಚ್ಚಳ ತೆಗೆದು ತೋರಿಸಿ, ಹಲಗೆಯ ಮೇಲೆ ಮೂರು ಅಂಕಣ ಎಳೆದರು: ಕಂಡದ್ದು, ಅಂದುಕೊಂಡದ್ದು, ಖಚಿತಪಡಿಸುವುದು ಹೇಗೆ. ಮಕ್ಕಳು ಸೋಮವಾರದ ವಾಕ್ಯಗಳನ್ನು ನೆನಪಿಸಿಕೊಂಡು ಹೇಳಬೇಕು, ಯಾವ ಅಂಕಣಕ್ಕೆ ಸೇರುತ್ತದೆಂದು ತರಗತಿ ತೀರ್ಮಾನಿಸಬೇಕು.

'ಹಗಲೆಲ್ಲ ಮಲಗಿತ್ತು' ಕಂಡದ್ದು. 'ಅದಕ್ಕೆ ಹುಷಾರಿಲ್ಲ' ಅಂದುಕೊಂಡದ್ದು. ರಾತ್ರಿ ಏಳುತ್ತದೆಯೇ ನೋಡಿದರೆ ಖಚಿತವಾಗುತ್ತದೆ. 'ಸೊಂಟದಲ್ಲಿ ಕಪ್ಪು ಮಚ್ಚೆ' ಕಂಡದ್ದು. 'ಗಾಯ' ಅಂದುಕೊಂಡದ್ದು. ಎರಡೂ ಬದಿಗೆ ಒಂದೇ ಅಳತೆಯಲ್ಲಿ, ಒಂದೇ ಎತ್ತರದಲ್ಲಿ ಇದೆ ಎಂದು ಹುಡುಗಿ ಹೇಳಿದಳು. ಗಾಯವಾದರೆ ಹಾಗೆ ಜೋಡಿಯಾಗಿ ಆಗುವುದೇ ಎಂದು ಇನ್ನೊಬ್ಬಳು ಕೇಳಿದಳು. ಸಿರಿಯಾದ ಈ ಜಾತಿಗೆ ಸೊಂಟದ ಎರಡೂ ಬದಿ ವಾಸನೆಯ ಗ್ರಂಥಿಗಳಿರುತ್ತವೆ, ಗಂಡಿನಲ್ಲಿ ಹೆಚ್ಚು ಎದ್ದು ಕಾಣುತ್ತವೆ ಎಂಬುದನ್ನು ಪ್ರಶಿಕ್ಷಣಾರ್ಥಿ ಹಿಂದಿನ ರಾತ್ರಿ ಓದಿಕೊಂಡಿದ್ದರು. ಆದರೂ ತಕ್ಷಣ ಹೇಳಲಿಲ್ಲ, ಮೂರನೆಯ ಅಂಕಣದಲ್ಲಿ 'ವೈದ್ಯರನ್ನು ಕೇಳುವುದು' ಎಂದು ಬರೆದು ಬಿಟ್ಟರು. ಈ ತಡೆದುಕೊಳ್ಳುವಿಕೆಗೆ ನಮ್ಮ ನಮೂನೆಯಲ್ಲಿ ಅಂಕಣವೇ ಇಲ್ಲ.

'ಅಲುಗಾಡದೆ ಕೂತಿತ್ತು' ಎಂಬುದನ್ನು ಹೇಳಿದವಳು ಹಿಂದಿನ ಬೆಂಚಿನ, ಅಷ್ಟು ಮಾತಾಡದ ಹುಡುಗಿ. ಅದಕ್ಕೆ ಸೇರಿಸಿದಳು: 'ಅದು ಹೆದ್ರಕಂಡದೆ. ನಮ್ಮನೆಗೆ ಹೊಸ ದನ ತಂದಾಗ್ಲೂ ಹಂಗೇ ನಿಂತ್ಕಂಡಿತ್ತು. ಎರಡ್ ದಿನ ಹುಲ್ಲು ಮುಟ್ಲಿಲ್ಲ. ಅಜ್ಜಿ ಯಾರೂ ಹತ್ರ ಹೋಗೂದು ಬ್ಯಾಡ ಅಂದಿತ್ತು.' ಅಲ್ಲಿಂದ ಪಾಠ ಪ್ರಶಿಕ್ಷಣಾರ್ಥಿಯ ಕೈಬಿಟ್ಟು ಮಕ್ಕಳ ಕೈಗೆ ಹೋಯಿತು. ಹೊಸ ದನವನ್ನು ಹಳೆಯ ದನದ ಪಕ್ಕ ತಕ್ಷಣ ಕಟ್ಟುವುದಿಲ್ಲ. ಮೊದಲ ದಿನ ಹಿಂಡಿ ಜಾಸ್ತಿ ಹಾಕಿದರೆ ಹೊಟ್ಟೆ ಕೆಡುತ್ತದೆ. ಹಳೆಯ ಮನೆಯ ಹಗ್ಗವನ್ನೇ ಕೆಲವು ದಿನ ಇಟ್ಟುಕೊಳ್ಳುತ್ತಾರೆ. ಬೇರೆ ಬೇರೆ ಮನೆಗಳ ಮಾತುಗಳು. ಪ್ರಶಿಕ್ಷಣಾರ್ಥಿ ಪುಸ್ತಕ ನೋಡಿ ಒಳಕೋಣೆಯಲ್ಲಿ ಮಾಡಿದ್ದೆಲ್ಲ ಈ ಮಕ್ಕಳ ಕೊಟ್ಟಿಗೆಗಳಲ್ಲಿ ಮೊದಲೇ ಇತ್ತು. ಪೂರ್ವಜ್ಞಾನ ಎಂದು ಪಾಠಯೋಜನೆಯಲ್ಲಿ ನಾವು ಒಂದು ಸಾಲು ಬರೆಸುತ್ತೇವಲ್ಲ, ಸೋಮವಾರದ ಯೋಜನೆಯಲ್ಲಿ ಆ ಸಾಲು 'ವಿದ್ಯಾರ್ಥಿಗಳಿಗೆ ಸಾಕುಪ್ರಾಣಿಗಳ ಹೆಸರು ಗೊತ್ತಿದೆ' ಎಂದಿತ್ತು.

ದನಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಪ್ರಶಿಕ್ಷಣಾರ್ಥಿ ಬಿಡಲಿಲ್ಲ. ದನಕ್ಕೆ ಜೊತೆ ಬೇಕು. ಈ ಹ್ಯಾಮ್‌ಸ್ಟರ್ ಬೆಳೆದ ಮೇಲೆ ಒಂಟಿಯಾಗಿಯೇ ಇರಬೇಕು, ಪಾಪ ಎಂದು ಇನ್ನೊಂದನ್ನು ತಂದು ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಇಂದು ಜಗತ್ತಿನ ಮನೆಗಳಲ್ಲಿರುವ ಚಿನ್ನದ ಬಣ್ಣದ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಪ್ರಾಣಿವಿಜ್ಞಾನಿ ಇಸ್ರೇಲ್ ಅಹರೋನಿ ನೆಲ ಅಗೆದು ಹಿಡಿಸಿದ ಒಂದೇ ಸಂಸಾರದ ಸಂತತಿ. ಹಿಡಿದು ಪೆಟ್ಟಿಗೆಗೆ ಹಾಕಿದಾಗ ತಾಯಿ ತನ್ನ ಒಂದು ಮರಿಯನ್ನು ಕೊಂದಿತು ಎಂಬುದನ್ನು ಅವರು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಹೇಳಬೇಕಿತ್ತೇ ಎಂದು ಆಮೇಲೆ ನಾವಿಬ್ಬರೂ ಚರ್ಚಿಸಿದೆವು. ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಬೆಕ್ಕು, ನಾಯಿ ಮರಿ ಹಾಕಿದಾಗ ಮುಟ್ಟಬಾರದು ಎಂಬ ಮಾತಿನ ಹಿಂದೆ ಏನಿದೆ ಎಂದು ಮಕ್ಕಳಿಗೆ ತಿಳಿಯಲಿ.

ಆಮೇಲೆ ಗಣಿತ. ತಕ್ಕಡಿಯ ಅಂಕಿಗಳು ಹಲಗೆಗೆ ಬಂದವು. ಭಾನುವಾರ 96, ಮಂಗಳವಾರ 91, ಬುಧವಾರ 90. ಹತ್ತರಲ್ಲಿ ಒಂದು ಪಾಲು ಎಂದರೆ 9.6, ಹಾಗಾದರೆ ಅಪಾಯದ ಗೆರೆ ಸುಮಾರು 86. ಚೌಕುಳಿ ಹಾಳೆಯಲ್ಲಿ ಬಿಂದುಗಳನ್ನು ಸೇರಿಸಿದಾಗ ಗೆರೆ ಕೆಳಕ್ಕೆ ಇಳಿಯುತ್ತಿತ್ತು. ಇಳಿದದ್ದು 6 ಗ್ರಾಂ ಅಷ್ಟೇ ಅಲ್ಲವೇ ಎಂದು ಒಬ್ಬ ಹೇಳಿದ. 96ರಲ್ಲಿ 6 ಎಂದರೆ ಹದಿನಾರರಲ್ಲಿ ಒಂದು. 32 ಕಿಲೋ ತೂಗುವ ಹುಡುಗಿ ಮೂರು ದಿನದಲ್ಲಿ 2 ಕಿಲೋ ಇಳಿದ ಹಾಗೆ. ಅದು ಹಲಗೆಯ ಮೇಲೆ ಬಂದಾಗ ಪ್ರಾಣಿಯ ಒಡತಿ ತಲೆ ತಗ್ಗಿಸಿದಳು. ಪಾಠದ ಲೆಕ್ಕ ಅವಳಿಗೆ ಲೆಕ್ಕವಾಗಿರಲಿಲ್ಲ. ಪ್ರಶಿಕ್ಷಣಾರ್ಥಿ ಅದನ್ನು ಗಮನಿಸಿ ಅವಳ ಬಳಿ ಹೋಗಿ ನಿಂತರು. ಆದರೆ ಅಂಕಿಯನ್ನು ಒರೆಸಲಿಲ್ಲ, ಸರಿಹೋಗುತ್ತದೆ ಎಂದು ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. 'ಗೆರೆ ಇನ್ನೂ 86ಕ್ಕೆ ಮುಟ್ಟಿಲ್ಲ, ಸಂಜೆ ನೋಡೋಣ' ಎಂದರು.

ಆಗಲೇ ಒಬ್ಬ ಹುಡುಗ ಕೇಳಿದ, ಗಲ್ಲದ ತುಂಬ ಕಾಳಿದ್ದರೆ ತೂಕ ಜಾಸ್ತಿ ಬರುವುದಿಲ್ಲವೇ ಎಂದು. ಕಚ್ಚಿಸಿಕೊಂಡವನೇ ಅವನು. ಇದು ನಾವ್ಯಾರೂ ಯೋಚಿಸದ ಪ್ರಶ್ನೆ. ಪ್ರಶಿಕ್ಷಣಾರ್ಥಿ ಉತ್ತರವನ್ನು ತರಗತಿಗೇ ಬಿಟ್ಟರು. ಕಾಳು ಹಾಕುವ ಮೊದಲೇ ತೂಗಬೇಕು, ಗಲ್ಲ ಉಬ್ಬಿದೆಯೋ ಇಲ್ಲವೋ ಪಕ್ಕದಲ್ಲಿ ಬರೆಯಬೇಕು, ಲೋಟದಲ್ಲಿ ಇಡುವ ಬೀಜ ಎರಡೇ ಇರಲಿ, ತೂಕದಿಂದ ಅದನ್ನೂ ಕಳೆಯಬೇಕು ಎಂದು ಮಕ್ಕಳೇ ನಿಯಮ ಮಾಡಿದರು. ಅಳತೆಯ ದೋಷ ಎಂಬ ಪರಿಕಲ್ಪನೆಯನ್ನು ನಾನು ಪ್ರಶಿಕ್ಷಣಾರ್ಥಿಗಳಿಗೆ ಕಲಿಸಲು ಪಡುವ ಪಾಡು ನೆನಪಾಯಿತು.

ಇನ್ನೊಂದು ಲೆಕ್ಕ ಯೋಜನೆಯಲ್ಲೇ ಇತ್ತು. ಕೊಟ್ಟಿಗೆಯಲ್ಲಿ ಕರುವಿನ ಉಣ್ಣಿಗೆ ತಂದ ಔಷಧಿ ಉಳಿದಿದೆ, ಅದನ್ನೇ ಒಂದು ಹನಿ ಹಾಕಿದರಾಯಿತಲ್ಲ ಎಂದು ನೆರೆಯವರೊಬ್ಬರು ಹೇಳಿದ್ದರಂತೆ. ಕರುವಿನ ತೂಕ 60 ಕಿಲೋ ಎಂದು ಇಟ್ಟುಕೊಂಡರೆ 60,000 ಗ್ರಾಂ. ಭಾಗಿಸು 96. ಉತ್ತರ 625. ಒಂದು ಹನಿಯನ್ನು 625 ಪಾಲು ಮಾಡುವವರು ಯಾರು? ಅಷ್ಟೇ ಅಲ್ಲ, ಔಷಧಿಯೇ ಬೇರೆ ಇರಬಹುದು. ಮನುಷ್ಯರಿಗೂ ದನಕರುಗಳಿಗೂ ದಿನನಿತ್ಯ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಪ್ರತಿಜೈವಿಕಗಳು ಹ್ಯಾಮ್‌ಸ್ಟರಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಗುಳುವ ಬ್ಯಾಕ್ಟೀರಿಯಾಗಳಿಗೆ ಜಾಗ ಮಾಡಿಕೊಡುತ್ತವೆ. ಪ್ರಾಣಿ ರೋಗದಿಂದಲ್ಲ, ಔಷಧಿಯಿಂದ ಸಾಯುತ್ತದೆ.

ಕೊನೆಯ ಐದು ನಿಮಿಷದಲ್ಲಿ ಒಂದು ಪ್ರಶ್ನೆ ಬಂದು ಪ್ರಶಿಕ್ಷಣಾರ್ಥಿ ತಡವರಿಸಿದರು: ಇದರಿಂದ ಮಂಗನ ಕಾಯಿಲೆ ಬರುತ್ತದೆಯೇ? ನಮ್ಮ ಜಿಲ್ಲೆಯಲ್ಲಿ ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗ ಸಿದ್ದಾಪುರ, ಹೊನ್ನಾವರದ ಕಡೆ ಮನೆಗಳನ್ನು ತಟ್ಟಿದೆ. ಹರಡುವುದು ಕಾಡಿನ ಉಣ್ಣಿಯ ಕಡಿತದಿಂದ. ಮನೆಯೊಳಗೆ ಪಂಜರದಲ್ಲಿದ್ದು, ಕಾಡಿನ ದರಕಿನ ಸಂಪರ್ಕವಿಲ್ಲದ ಪ್ರಾಣಿಗೆ ಉಣ್ಣಿ ಹತ್ತುವ ದಾರಿ ಇಲ್ಲ. ದರಕು ಬೇಡವೆಂದದ್ದರ ಕಾರಣವನ್ನು ಇಲ್ಲಿ ಜೋಡಿಸಬಹುದಿತ್ತು. ಅವರಿಗೆ ಆ ಕ್ಷಣ ಹೊಳೆಯಲಿಲ್ಲ, ಶುಕ್ರವಾರ ಬೆಳಗ್ಗೆ ಪ್ರಾರ್ಥನೆಯ ನಂತರ ಹೇಳಿದರು. ಜೊತೆಗೆ, ಹ್ಯಾಮ್‌ಸ್ಟರ್ ಸಾಕಬಹುದಾದರೆ ಕೆಂದಳಿಲನ್ನೂ ಸಾಕಬಹುದಲ್ಲ ಎಂದ ಮತ್ತೊಬ್ಬನಿಗೆ, ಕಾಡುಪ್ರಾಣಿಯನ್ನು ಹಿಡಿಯುವುದು ಅಪರಾಧ ಎಂಬುದನ್ನೂ ಸ್ಪಷ್ಟವಾಗಿ ಹೇಳಿದರು.

ಸಂಜೆ ಏಳೂಕಾಲಿಗೆ ನನ್ನ ಫೋನಿಗೆ ಬಂದ ಸಂದೇಶದಲ್ಲಿ ಇದ್ದದ್ದು ಒಂದೇ ಅಂಕಿ: 92. ಗಲ್ಲ ಉಬ್ಬಿಲ್ಲ.

ಚರ್ಚೆ

ಕಾಲೇಜಿನಲ್ಲಿ ಈ ಎರಡು ಪಾಠಗಳನ್ನು ಮಂಡಿಸಿದಾಗ ಸಹೋದ್ಯೋಗಿಯೊಬ್ಬರು ಗಟ್ಟಿಯಾಗಿ ವಿರೋಧಿಸಿದರು. ಹೀಗೆ ಹೆದರಿಸಿದರೆ ಪ್ರಶಿಕ್ಷಣಾರ್ಥಿಗಳು ಮತ್ತೆ ಚಿತ್ರಪಟಕ್ಕೇ ಮರಳುತ್ತಾರೆ, ಜೀವಂತ ವಸ್ತುವಿಲ್ಲದ ಜೀವವಿಜ್ಞಾನ ಸತ್ತ ಪಾಠ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಆದರೆ ಸುಂಕಸಾಳದ ತರಗತಿಯ ಕಿಟಕಿಯಾಚೆ ಜೀವಂತ ವಸ್ತುಗಳಿಗೆ ಬರವಿಲ್ಲ. ಮಲೆನಾಡು ಗಿಡ್ಡ ದನ, ಕೋಳಿ, ಚಿಗಳಿ ಇರುವೆಯ ಗೂಡು ಎಲ್ಲ ಅಲ್ಲೇ ಇವೆ, ಅವು ಇರುವಲ್ಲಿಗೆ ಮಕ್ಕಳು ಹೋಗಬಹುದು. ತನ್ನ ಜಾಗ ಇನ್ನೂ ಗೊತ್ತಾಗದ ಪ್ರಾಣಿಯನ್ನು ನಮ್ಮ 40 ನಿಮಿಷಕ್ಕೆಂದು ಎಬ್ಬಿಸಿ ತರುವುದು ಬೇರೆ ಮಾತು. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಬಗ್ಗೆ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಅದನ್ನು ನಾವು ಪೌರನೀತಿಯ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತೇವೆ.

ಇನ್ನೊಂದು ಆಕ್ಷೇಪ ನನ್ನದೇ. ಎರಡನೆಯ ಪಾಠ ಚೆನ್ನಾದದ್ದು ಮೊದಲನೆಯದು ಕೆಟ್ಟಿದ್ದರಿಂದ. ಮಕ್ಕಳು ಚರ್ಚಿಸಿದ ವಾಕ್ಯಗಳೆಲ್ಲ ಆ ಸೋಮವಾರದ ಗಾಬರಿಯಿಂದ ಬಂದವು. ಹಾಗೆಂದು ಮುಂದಿನ ವರ್ಷ ಎರಡನೆಯ ಪಾಠಕ್ಕಾಗಿ ಮೊದಲನೆಯದನ್ನು ಮತ್ತೆ ಮಾಡಿಸಲಾಗದು. ಹೊಸದಾಗಿ ಮನೆಗೆ ಬಂದ ಕರುವೋ ನಾಯಿಮರಿಯೋ ಇರುವ ಮಗುವಿನ ದಿನಚರಿಯನ್ನೇ ಆಧಾರ ಮಾಡಿಕೊಂಡರೆ ಅದೇ ಮೂರು ಅಂಕಣಗಳು ನಡೆಯಬಹುದು ಎಂದು ಅನ್ನಿಸುತ್ತದೆ. ಇದನ್ನು ಮಾಡಿ ನೋಡಿದವರು ಈ ಪತ್ರಿಕೆಗೆ ಬರೆಯಬೇಕು.

ಪಾಠಯೋಜನೆಯ ನಮೂನೆಗೆ ನಾನು ಒಂದು ಸಾಲು ಸೇರಿಸಿದ್ದೇನೆ: 'ತರಗತಿಗೆ ಜೀವಿಯನ್ನು ತರುವುದಾದರೆ, ಅದು ಈಗಿರುವ ಜಾಗಕ್ಕೆ ಬಂದು ಎಷ್ಟು ದಿನವಾಯಿತು? ಅದು ಎಚ್ಚರವಿರುವ ಹೊತ್ತು ಯಾವುದು?' ಸೋಮವಾರದ ನಮೂನೆಯಲ್ಲಿನ 5 ಅಂಕವನ್ನು ತಿದ್ದಿಲ್ಲ. ಅದು ಪ್ರಶಿಕ್ಷಣಾರ್ಥಿಯ ಕಡತದಲ್ಲಿದೆ, ನನ್ನ ತಪ್ಪಿಗೆ ಅವರ ಅಂಕ ಇಳಿಯಬಾರದು. ಕೆಳಗೆ ಬೇರೆ ಶಾಯಿಯಲ್ಲಿ ಒಂದು ಟಿಪ್ಪಣಿ ಬರೆದು ಸಹಿ ಹಾಕಿದ್ದೇನೆ.

ಮುಂದಿನ ಭಾನುವಾರ ತೂಕ 97 ಬಂತು. ಅಣ್ಣ ಊರಿಗೆ ಬಂದಿದ್ದ. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ತಾಯಿ, ಮಗಳು, ಅಣ್ಣ ಮೂವರೂ ಹೊರಟರು. ಚಿಕ್ಕ ಪೆಟ್ಟಿಗೆಯಲ್ಲಿ ಅದರದೇ ಗೂಡಿನ ಕಾಗದ, ನೀರಿನ ಬಾಟಲಿ ಚೆಲ್ಲುತ್ತದೆಂದು ಒಂದು ತುಂಡು ಸೌತೆಕಾಯಿ, ಜೊತೆಗೆ ಕಾಳು. ಅದನ್ನು ಉಪವಾಸ ಕರೆದೊಯ್ಯಬಾರದು ಎಂದು ವೈದ್ಯೆ ಮೊದಲೇ ಹೇಳಿದ್ದರು. ಆರಬೈಲು ಘಟ್ಟದಲ್ಲಿ ಚಳಿ ಎಂದು ಪೆಟ್ಟಿಗೆಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರಂತೆ. ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ.

ವೈದ್ಯೆ ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಡುಗಿಗೂ ತೋರಿಸಿದರು. ನುಸಿ ಇತ್ತು. ತೂಕ ನೋಡಿ ಲೆಕ್ಕ ಹಾಕಿ ಔಷಧಿ ಕೊಟ್ಟರು, ಎರಡು ವಾರ ಬಿಟ್ಟು ಮತ್ತೊಂದು ಸಲ ಬರಬೇಕು. ಕಪ್ಪು ಮಚ್ಚೆಗಳು ಗ್ರಂಥಿಗಳೇ. ಹುಡುಗಿ ತಂದಿದ್ದ ತೂಕದ ಹಾಳೆಯನ್ನು ವೈದ್ಯೆ ಕೇಳಿ ತಮ್ಮ ಕಡತದಲ್ಲಿ ಇಟ್ಟುಕೊಂಡರು. ಅದರ ನಕಲು ತರಗತಿಯ ಗೋಡೆಯ ಮೇಲಿದೆ. ಬೋಧನಾಭ್ಯಾಸ ಮುಗಿದು ನಾವು ಹೊರಡುವ ದಿನ ನೋಡಿದಾಗ ಮಂಗಳವಾರದ ಸಾಲಿನಲ್ಲಿ ಹೀಗಿತ್ತು: '96. ಗಲ್ಲ ಉಬ್ಬಿಲ್ಲ. ಹಿಕ್ಕೆ 41. ಕೈ ಮೇಲೆ ಬಂತು, ತಾನಾಗಿ.' ಕೊನೆಯ ಪದದ ಕೆಳಗೆ ಎರಡು ಗೆರೆ.